ಪವರ್‌ಪಾಯಿಂಟ್ ಕ್ವಿಜ್‌ನಲ್ಲಿ ಬಟನ್ ಒತ್ತಿದರೂ ಮ್ಯಾಕ್ರೊ ಓಡುತ್ತಿಲ್ಲ, ಏನು ಮಾಡಲಿ?

ಸರ್, ಮನೆಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುವ ಕ್ವಿಜ್ ಶಾಲೆಯ ಕಂಪ್ಯೂಟರ್‌ನಲ್ಲಿ ಬಟನ್ ಒತ್ತಿದರೂ ಸುಮ್ನೆ ಕೂರುತ್ತದೆ, ಸೆಟ್ಟಿಂಗ್‌ಗೆ ಹೋಗಿ ಎಲ್ಲ ಮ್ಯಾಕ್ರೊಗಳನ್ನೂ (ಫೈಲಿನೊಳಗೆ ಬರೆದಿಟ್ಟ ಚಿಕ್ಕ ಪ್ರೋಗ್ರಾಂಗಳನ್ನು) ಆನ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಅದೊಂದನ್ನು ಮಾಡಬೇಡಿ. ನಾನು ಕಲಬುರಗಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಪ್ರತಿ ವರ್ಷ ಪವರ್‌ಪಾಯಿಂಟ್‌ನಲ್ಲೇ ಮಕ್ಕಳಿಗೆ ಕ್ವಿಜ್ ಮಾಡಿಸುತ್ತೇನೆ. ನಿಮಗಾಗಿದ್ದು ನನಗೂ ಆಗಿದೆ.

ಮೊದಲು ಫೈಲ್ ಯಾವುದು ನೋಡಿ. ಹೆಸರಿನ ಕೊನೆಗೆ ಪಿಪಿಟಿಎಕ್ಸ್ ಅಂತಿದ್ದರೆ ಒಳಗೆ ಮ್ಯಾಕ್ರೊನೇ ಇಲ್ಲ, ಸೇವ್ ಮಾಡುವಾಗಲೇ ಹೋಗಿದೆ. ಪಿಪಿಟಿಎಂ ಅಂತಿರಬೇಕು. ಅದು ಸರಿ ಇದ್ದರೆ ಮುಂದಿನ ಪ್ರಶ್ನೆ, ಫೈಲನ್ನು ಶಾಲೆಗೆ ಹೇಗೆ ಒಯ್ದಿರಿ? ವಾಟ್ಸಾಪ್ ವೆಬ್‌ನಿಂದಲೋ ಮೇಲ್‌ನಿಂದಲೋ ಇಳಿಸಿಕೊಂಡಿದ್ದರೆ ವಿಂಡೋಸ್ ಅದಕ್ಕೆ ಇಂಟರ್ನೆಟ್‌ನಿಂದ ಬಂದದ್ದು ಅಂತ ಒಂದು ಗುರುತು ಹಚ್ಚಿರುತ್ತದೆ. 2022ರಿಂದ ಮೈಕ್ರೋಸಾಫ್ಟ್ ಇಂಥ ಫೈಲಿನ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯುತ್ತಿದೆ. ಮುಂಚೆ ಹಳದಿ ಪಟ್ಟಿ ಬರುತ್ತಿತ್ತು, ಎನೇಬಲ್ ಕಂಟೆಂಟ್ ಒತ್ತಿದರೆ ಮುಗಿಯಿತು. ಈಗ ಬರುವ ಕೆಂಪು ಪಟ್ಟಿಯಲ್ಲಿ ಆ ಬಟನ್ನೇ ಇರುವುದಿಲ್ಲ. ಫೈಲ್ ಮುಚ್ಚಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. ಕೆಳಗೆ ಅನ್‌ಬ್ಲಾಕ್ ಅಂತ ಒಂದು ಚಿಕ್ಕ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ ಓಕೆ ಕೊಟ್ಟು ಮತ್ತೆ ತೆರೆಯಿರಿ. ನಿಮ್ಮ ತೊಂದರೆ ಬಹುಶಃ ಇಷ್ಟೇ.

ಎಲ್ಲ ಮ್ಯಾಕ್ರೊ ಆನ್ ಮಾಡಬೇಡಿ ಅಂದದ್ದಕ್ಕೆ ಕಾರಣ ಇದೆ. ಶಾಲೆಯ ಕಂಪ್ಯೂಟರ್ ನಿಮ್ಮೊಬ್ಬರದಲ್ಲ ಅಲ್ವಾ? ಒಮ್ಮೆ ಆನ್ ಮಾಡಿ ಮರೆತರೆ, ನಾಳೆ ಯಾರೋ ಪೆನ್‌ಡ್ರೈವ್‌ನಲ್ಲಿ ತಂದ ಪಿಪಿಟಿಯ ಮ್ಯಾಕ್ರೊ ಕೂಡ ಒಂದು ಮಾತೂ ಕೇಳದೆ ಓಡುತ್ತದೆ. ಮ್ಯಾಕ್ರೊ ಅಂದರೆ ಬರೀ ಸ್ಲೈಡ್ ತಿರುಗಿಸುವ ಆಟ ಅಲ್ಲ, ಫೈಲ್ ಅಳಿಸುವ, ಹೊಸ ಫೈಲ್ ಇಳಿಸುವ ಶಕ್ತಿಯೂ ಅದಕ್ಕಿದೆ. ಮಕ್ಕಳ ಅಂಕಪಟ್ಟಿ, ಆಧಾರ್ ಪ್ರತಿ ಎಲ್ಲ ಅದೇ ಕಂಪ್ಯೂಟರ್‌ನಲ್ಲಿರುತ್ತವೆ. ಬೇಕಾದರೆ ಕ್ವಿಜ್‌ಗೆ ಅಂತಲೇ ಒಂದು ಫೋಲ್ಡರ್ ಮಾಡಿ, ಪವರ್‌ಪಾಯಿಂಟ್‌ನ ಭದ್ರತಾ ಸೆಟ್ಟಿಂಗ್ ಆದ ಟ್ರಸ್ಟ್ ಸೆಂಟರ್‌ನಲ್ಲಿ ಟ್ರಸ್ಟೆಡ್ ಲೊಕೇಶನ್ಸ್ ಅಂತಿದೆ, ಅಲ್ಲಿ ಅದೊಂದನ್ನೇ ಸೇರಿಸಿ, ಆಗ ಆ ಫೋಲ್ಡರಿನ ಫೈಲುಗಳ ಮ್ಯಾಕ್ರೊಗಳಿಗೆ ಮಾತ್ರ ತಡೆ ಇರುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರನ್ನು ಮಾತ್ರ ಸೇರಿಸಬೇಡಿ.

ಇನ್ನೊಂದು. ಬಟನ್ ಒತ್ತಿದಾಗ ಮ್ಯಾಕ್ರೊ ಓಡುವುದು ಶೋ ನಡೆಯುತ್ತಿರುವಾಗ ಮಾತ್ರ, ಅಂದರೆ ಎಫ್5 ಒತ್ತಿದ ಮೇಲೆ. ಬಟನ್ ಆಯ್ದುಕೊಂಡು ಇನ್ಸರ್ಟ್‌ನಲ್ಲಿ ಆ್ಯಕ್ಷನ್, ಅದರಲ್ಲಿ ರನ್ ಮ್ಯಾಕ್ರೊ ಕೊಡಬೇಕು. ಹಾಗೆ ಕೊಡುವಾಗ ಬಟನ್ ಒಳಗಿನ ಅಕ್ಷರಗಳು ಆಯ್ಕೆಯಾಗಿದ್ದರೆ ಆ ಅಕ್ಷರಗಳ ಮೇಲೆ ಒತ್ತಿದರೆ ಮಾತ್ರ ಓಡುತ್ತದೆ, ಪಕ್ಕದ ಖಾಲಿ ಜಾಗದಲ್ಲಿ ಒತ್ತಿದರೆ ಏನೂ ಆಗುವುದಿಲ್ಲ. ಬಟನ್‌ನ ಅಂಚನ್ನು ಒತ್ತಿ ಆಯ್ದುಕೊಳ್ಳಿ. ಮೊಬೈಲ್‌ನಲ್ಲಿ, ಬ್ರೌಸರ್‌ನಲ್ಲಿ ತೆರೆಯುವ ಪವರ್‌ಪಾಯಿಂಟ್‌ನಲ್ಲಿ ಮ್ಯಾಕ್ರೊ ಓಡುವುದೇ ಇಲ್ಲ, ಅಲ್ಲಿ ಪ್ರಯತ್ನ ಮಾಡಿ ಹೊತ್ತು ಕಳೆಯಬೇಡಿ.

ನೀವು ಕೇಳಿಲ್ಲ, ಆದರೂ ಕನ್ನಡದ ಮಾತು ಹೇಳಲೇಬೇಕು. ನನ್ನ ಮೊದಲ ಕ್ವಿಜ್‌ನಲ್ಲಿ ಉತ್ತರ ಸರಿಯಾದರೆ ಒಂದು ಮೆಸೇಜ್ ಬಾಕ್ಸ್ ಬರುವಂತೆ ಬರೆದಿದ್ದೆ. ಮ್ಯಾಕ್ರೊ ಬರೆಯುವ ಎಡಿಟರ್‌ನಲ್ಲಿ 'ಸರಿ ಉತ್ತರ' ಅಂತ ಹಾಕಿದರೆ ಸಾಲಾಗಿ ಪ್ರಶ್ನೆ ಚಿಹ್ನೆಗಳು ಕಂಡವು. ಇಲ್ಲಿ ಕಾಣದಿದ್ದರೇನು, ಓಡುವಾಗ ಸರಿ ಬರುತ್ತದೆ ಅಂದುಕೊಂಡೆ. ಬಹಮನಿಗಳು ಕಲಬುರಗಿಯಿಂದ ರಾಜಧಾನಿಯನ್ನು ಎಲ್ಲಿಗೆ ಒಯ್ದರು ಅಂತ ಪ್ರಶ್ನೆ. ಎಂಟನೆಯ ತರಗತಿಯ ಹುಡುಗಿ ಬೀದರ್ ಅಂತ ಒತ್ತಿದಳು. ಪರದೆ ತುಂಬ ಪ್ರಶ್ನೆ ಚಿಹ್ನೆ. ತಪ್ಪು ಹೇಳಿದೆನೇನೋ ಅಂತ ಆ ಮಗುವಿನ ಮುಖ ಸಣ್ಣದಾಯಿತು, ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆ ಎಡಿಟರಿಗೂ ಅದರ ಮೆಸೇಜ್ ಬಾಕ್ಸಿಗೂ ಯೂನಿಕೋಡ್ ಕನ್ನಡ ಬರುವುದಿಲ್ಲ. ಫಾಂಟ್ ಬದಲಿಸಿದರೂ ಪ್ರಯೋಜನ ಇಲ್ಲ. ಸ್ಲೈಡಿನ ಮೇಲೆ ಮಾತ್ರ ಕನ್ನಡ ಚೆನ್ನಾಗಿ ಬರುತ್ತದೆ, ಹಾಗಾಗಿ ಕನ್ನಡವನ್ನು ಸ್ಲೈಡಿನಲ್ಲೇ ಬಿಡಿ. ಒಂದು ಡಬ್ಬಿಯಲ್ಲಿ, ಅಂದರೆ ಟೆಕ್ಸ್ಟ್ ಬಾಕ್ಸ್‌ನಲ್ಲಿ, 'ಸರಿ ಉತ್ತರ, ಶಭಾಷ್' ಅಂತ ಬರೆದಿಡಿ, ಇನ್ನೊಂದರಲ್ಲಿ 'ಇನ್ನೊಮ್ಮೆ ಯೋಚಿಸು' ಅಂತ. ಆಲ್ಟ್ ಮತ್ತು ಎಫ್10 ಒತ್ತಿದರೆ ಪಕ್ಕದಲ್ಲಿ ಸ್ಲೈಡಿನಲ್ಲಿರುವ ಎಲ್ಲದರ ಪಟ್ಟಿ ಬರುತ್ತದೆ. ಅಲ್ಲಿ ಆ ಡಬ್ಬಿಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡಿ, ಯಾಕೆಂದರೆ ಮ್ಯಾಕ್ರೊ ಒಳಗೆ ಆ ಹೆಸರನ್ನು ಬರೆಯಬೇಕಾಗುತ್ತದೆ. ಆಮೇಲೆ ಪಕ್ಕದ ಕಣ್ಣಿನ ಗುರುತು ಒತ್ತಿ ಎರಡನ್ನೂ ಮರೆಮಾಡಿ. ಮ್ಯಾಕ್ರೊ ಮಾಡಬೇಕಾದ್ದು ಇಷ್ಟೇ, ಬೇಕಾದ ಡಬ್ಬಿಯ ವಿಸಿಬಲ್ ಅನ್ನುವುದನ್ನು ಟ್ರೂ ಮಾಡುವುದು. ಅಂದಿನಿಂದ ನನ್ನ ಯಾವ ಕ್ವಿಜ್‌ನಲ್ಲೂ ಪ್ರಶ್ನೆ ಚಿಹ್ನೆ ಬಂದಿಲ್ಲ.

ಹೀಗೆ ಮಾಡಿದರೆ ಒಂದು ಕೆಲಸ ಜಾಸ್ತಿ ಬೀಳುತ್ತದೆ. ಶೋ ಮುಗಿದರೂ ತೆರೆದ ಡಬ್ಬಿ ತೆರೆದೇ ಇರುತ್ತದೆ, ಎರಡನೆಯ ತಂಡ ಬಂದಾಗ ಉತ್ತರ ಮೊದಲೇ ಕಾಣುತ್ತದೆ. ಮೊದಲ ಸ್ಲೈಡಿನಲ್ಲಿ 'ಶುರು' ಅಂತ ಒಂದು ಬಟನ್ ಇಟ್ಟು, ಎಲ್ಲ ಡಬ್ಬಿಗಳನ್ನೂ ಮರೆಮಾಡಿ ಅಂಕ ಸೊನ್ನೆ ಮಾಡುವ ಮ್ಯಾಕ್ರೊ ಅದಕ್ಕೆ ಕೊಡಿ. ಫೈಲ್ ತೆರೆದ ಕೂಡಲೇ ಇದು ತಾನಾಗಿ ಓಡುವಂತೆ ಮಾಡಲು ಎಕ್ಸೆಲ್‌ನಲ್ಲಿ ಆಗುತ್ತದಲ್ಲ ಅಂತ ಇಲ್ಲಿ ಹುಡುಕಬೇಡಿ, ಸಾಮಾನ್ಯ ಪವರ್‌ಪಾಯಿಂಟ್ ಫೈಲಿಗೆ ಆ ಸೌಕರ್ಯ ಇಲ್ಲ.

ಅನ್‌ಬ್ಲಾಕ್ ಮಾಡಿದ ಮೇಲೂ ಓಡದಿದ್ದರೆ ಶಾಲೆಯಲ್ಲಿರುವ ಆಫೀಸ್ ಯಾವ ವರ್ಷದ್ದು, ತೆರೆದಾಗ ಯಾವ ಬಣ್ಣದ ಪಟ್ಟಿ ಬರುತ್ತದೆ ಅಂತ ಬರೆಯಿರಿ ಸರ್. ಸಂಜೆ ಶಾಲೆ ಬಿಟ್ಟ ಮೇಲೆ ನೋಡಿ ಹೇಳುತ್ತೇನೆ.