ತೋಟದ ಪ್ರಶ್ನೋತ್ತರ: ಲಾರೆಲ್ ಬೇಲಿ ನಮ್ಮ ಮುರಮಣ್ಣಿಗೆ ಒಗ್ಗೀತೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಯ ಸುತ್ತ ಆಳೆತ್ತರದ ಲಾರೆಲ್ ಬೇಲಿ ಇದೆ. ಎಲೆ ದಪ್ಪ, ಒಳ್ಳೆ ಹೊಳಪು, ಆಚೆಗಿನದು ಏನೂ ಕಾಣುವುದಿಲ್ಲ. ಬೀಜ ತರಿಸಿದರೆ ಇಲ್ಲಿ ಬಂದೀತೇ? ಹತ್ತಿರದ ನರ್ಸರಿಯವರು ‘ಇಂಡಿಯನ್ ಲಾರೆಲ್’ ಇದೆ ಎನ್ನುತ್ತಾರೆ. ಅದೂ ಇದೂ ಒಂದೆಯೇ? (ಬದಿಯಡ್ಕ)

ಒಂದೇ ಅಲ್ಲ, ಸಂಬಂಧವೂ ಇಲ್ಲ. ಅಲ್ಲಿ ಬೇಲಿಗೆ ನೆಡುವುದು ಚೆರ್ರಿ ಲಾರೆಲ್. ಕಪ್ಪು ಸಮುದ್ರದ ಸುತ್ತಲಿನ ತಂಪು ಸೀಮೆಯ ಗಿಡ, ಪ್ಲಮ್, ಚೆರ್ರಿಗಳ ಕುಲದ್ದು. ನಮ್ಮ ಮಾರ್ಚ್-ಏಪ್ರಿಲ್ ಸೆಕೆ, ಆಟಿಯ ಮಳೆ ಎರಡೂ ಅದಕ್ಕೆ ಆಗದು. ಎಲೆ ಜಜ್ಜಿದರೆ ಕಹಿಬಾದಾಮಿಯ ವಾಸನೆ ಬರುತ್ತದೆ. ಅದು ಸಯನೈಡಿನ ಅಂಶದ್ದು. ಹಟ್ಟಿಯಲ್ಲಿ ದನವಿರುವ ಮನೆಗೆ ಹೇಳಿಸಿದ ಗಿಡವಂತೂ ಅಲ್ಲ. ವಿದೇಶದ ಬೀಜ ತರಲು ಆಮದು ಪರವಾನಗಿ ಮತ್ತು ಅಲ್ಲಿನ ಸಸ್ಯಸ್ವಾಸ್ಥ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಹಾಕಿ ತರುವಂಥದ್ದಲ್ಲ.

ನರ್ಸರಿಯ ‘ಇಂಡಿಯನ್ ಲಾರೆಲ್’ ಆಲ, ಅತ್ತಿಗಳ ಬಳಗದ ಫೈಕಸ್. ಮರದ ಡಿಪೋದಲ್ಲಿ ಅದೇ ಹೆಸರು ಹೇಳಿದರೆ ಮತ್ತಿಮರದ ಹಲಗೆ ತೋರಿಸುತ್ತಾರೆ! ಇನ್ನೊಂದು ಲಾರೆಲ್ ನಮ್ಮ ಕಡಲಕರೆಯಲ್ಲೇ ಇದೆ. ಇಂಗ್ಲಿಷಿನವರು ಅಲೆಗ್ಸಾಂಡ್ರಿಯನ್ ಲಾರೆಲ್ ಎಂದು ಕರೆದದ್ದು ನಮ್ಮ ಹೊನ್ನೆಮರವನ್ನೇ. ದಪ್ಪ ಹೊಳಪೆಲೆಯ ಬೇಲಿಯೇ ಬೇಕೆಂದಿದ್ದರೆ ಅದನ್ನು ನೆಡಿ. ಕ್ರಮ ಕೆಳಗೆ ಮಂಜೇಶ್ವರದವರ ಉತ್ತರದಲ್ಲಿದೆ.

ಪ್ರಶ್ನೆ: ಪಾಗಾರದ ಒಳಬದಿಗೆ ನೆಟ್ಟ ಫೈಕಸ್ ಬೇಲಿಗೆ ನಾಲ್ಕು ವರ್ಷ. ಚಿಗುರೆಲೆಗಳು ಮಡಚಿಕೊಂಡು ಕೆಂಪು ಚುಕ್ಕೆ ಬೀಳುತ್ತಿವೆ. ಬಿಡಿಸಿದರೆ ಒಳಗೆ ಕಪ್ಪು ಹುಳ. ಎರಡು ಸಲ ಔಷಧಿ ಬಿಟ್ಟರೂ ಹೋಗಲಿಲ್ಲ. ಪಾಗಾರದಲ್ಲಿ ಬಿರುಕೂ ಕಾಣುತ್ತಿದೆ. (ಕುಂಬಳೆ)

ಹುಳಕ್ಕೂ ಹೆಸರು ಕ್ಯೂಬನ್ ಲಾರೆಲ್ ತ್ರಿಪ್ಸ್ ಎಂದೇ. ಎಳೆ ಎಲೆಯ ರಸ ಹೀರುತ್ತದೆ; ಎಲೆ ನಡುನರದ ಗುಂಟ ಅವರೆಕೋಡಿನಂತೆ ಮಡಚಿಕೊಳ್ಳುತ್ತದೆ. ಒಂದನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಕೊಡವಿ: ಕಡ್ಡಿಯಂಥ ಕಪ್ಪು ದೊಡ್ಡವು, ನಸುಹಳದಿ ಮರಿಗಳು, ಮೊಟ್ಟೆ, ಎಲ್ಲ ಒಂದೇ ಮನೆಯಲ್ಲಿ. ಔಷಧಿ ಆ ಮಡಿಕೆಯೊಳಗೆ ಇಳಿಯುವುದಿಲ್ಲ. ನಿಮ್ಮ ಎರಡು ಸಿಂಪಡಣೆ ನೀರಿನಲ್ಲಿ ಹೋಮ ಆದದ್ದು ಅದಕ್ಕೇ.

ಮಡಚಿದ ತುದಿಗಳನ್ನೆಲ್ಲ ಒಂದೇ ದಿನ ಕತ್ತರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆಮೇಲೆ ಸುಟ್ಟುಬಿಡಿ. ಬುಡದಲ್ಲೇ ರಾಶಿ ಹಾಕಿದರೆ ಮತ್ತೆ ಹತ್ತುತ್ತವೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಮೈಮೇಲೆ ಬಿದ್ದರೆ ಕಚ್ಚಿ ತುರಿಸುತ್ತದೆ. ಹೊಸ ಚಿಗುರು ಇನ್ನೂ ಬಿಚ್ಚಿಕೊಂಡಿರುವಾಗಲೇ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನು ನೀರಿನಲ್ಲಿ ಕದಡಿ, ಸಂಜೆ ಹೊತ್ತು ವಾರಕ್ಕೊಮ್ಮೆ ಮೂರು ಸಲ ಬಿಡಿ. ತಿಂಗಳಿಗೊಮ್ಮೆ ಬೇಲಿ ಸವರುವ ಅಭ್ಯಾಸವಿದ್ದರೆ ಅಂತರ ಹೆಚ್ಚಿಸಿ. ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ತ್ರಿಪ್ಸ್.

ಬಿರುಕಿನ ವಿಷಯದಲ್ಲಿ ಮುಲಾಜಿಲ್ಲದೆ ಹೇಳುವುದಾದರೆ, ಆ ಬೇಲಿ ತೆಗೆಯಿರಿ. ಮೇಲೆ ಎಷ್ಟು ಗಿಡ್ಡ ಮಾಡಿದರೂ ಅದು ಆಲದ ಜಾತಿ. ಬೇರು ಮುರಕಲ್ಲಿನ ಸಂದಿಗೆ ನುಗ್ಗುತ್ತದೆ. ಬಾವಿಕಟ್ಟೆ, ಸೆಪ್ಟಿಕ್ ಟ್ಯಾಂಕ್ ಹತ್ತಿರ, ಸುರಂಗ ಹಾದುಹೋದ ಜಾಗದ ಮೇಲೆ ಫೈಕಸ್ ನೆಡಲೇಬಾರದು.

ಪ್ರಶ್ನೆ: ಮನೆ ಕಡಲಿನಿಂದ ಇನ್ನೂರು ಮೀಟರ್. ಉಪ್ಪುಗಾಳಿಗೆ ದಾಸವಾಳ, ಕ್ರೋಟನ್ ಎಲ್ಲ ಸುಟ್ಟಂತಾಗುತ್ತವೆ. ಹೊನ್ನೆಯನ್ನು ಬೇಲಿಯಾಗಿ ಬೆಳೆಸಬಹುದೇ? (ಮಂಜೇಶ್ವರ)

ಬೆಳೆಸಬಹುದು, ಅವಸರ ಬೇಡ. ಉಪ್ಪುಗಾಳಿ, ಹೊಯಿಗೆ ಎರಡಕ್ಕೂ ಅದು ಜಗ್ಗದು. ಆದರೆ ಮೊದಲೆರಡು ವರ್ಷ ‘ಬೆಳೆಯುತ್ತಿದೆಯೋ ಇಲ್ಲವೋ’ ಎನ್ನಿಸುತ್ತದೆ.

ಬಾವಲಿ ತಿಂದು ಬೀಳಿಸಿದ ಕಾಯಿ ಮರದಡಿ ಸಿಗುತ್ತದೆ. ಹಾಗೆಯೇ ಹೂತರೆ ಮೊಳೆಯಲು ಎಂಟು ವಾರದವರೆಗೂ ಹಿಡಿದೀತು. ಚಿಪ್ಪು ಮೆಲ್ಲ ಒಡೆದು, ತಿರುಳಿಗೆ ಪೆಟ್ಟಾಗದಂತೆ ತೆಗೆದು ಹಾಕಿದರೆ ಸುಮಾರು ಮೂರು ವಾರ ಸಾಕು. ಸಸಿ ಒಂದಡಿಯಾದ ಮೇಲೆ, ಪತ್ತನಾಜೆ ಕಳೆದು ಮಳೆ ಹಿಡಿದಾಗ ನೆಡಿ. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಉದ್ದ ಕಣಿ ತೋಡಿ, ಮೀಟರಿಗೆ 5 ಕಿಲೋದಂತೆ ಹುಡಿಯಾದ ಹಟ್ಟಿಗೊಬ್ಬರ ಬೆರೆಸಿ. ಹೊಯಿಗೆಯಲ್ಲಿ ನೀರು ನಿಲ್ಲಲು ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಒಂದು ಸಾಲು ಹಾಸಿ. ಗಿಡದಿಂದ ಗಿಡಕ್ಕೆ ಎರಡು ಅಡಿ. ಕಡಲ ಬದಿಗೆ ಮೊದಲ ಎರಡು ಬೇಸಿಗೆ ಮಡಲಿನ ತಟ್ಟಿ ಕಟ್ಟಿ.

ಸಸಿ ಎರಡು ಅಡಿಯಾದಾಗ ತುದಿ ಚಿವುಟಬೇಕು. ಇಲ್ಲಿ ಮನಸ್ಸು ಗಟ್ಟಿ ಮಾಡದವರ ಬೇಲಿ ಸಾಲುಮರವಾಗುತ್ತದೆ. ಎಲೆಗಳು ಎದುರುಬದುರು ಇರುವುದರಿಂದ ಚಿವುಟಿದಲ್ಲಿ ಎರಡು ಗೆಲ್ಲು ಒಡೆಯುತ್ತವೆ. ಅವು ಮುಕ್ಕಾಲಡಿ ಬೆಳೆದಾಗ ಮತ್ತೆ ಚಿವುಟಿ. ದೊಡ್ಡ ಎಲೆಯ ಬೇಲಿಗೆ ಉದ್ದ ಕತ್ತರಿ, ಯಂತ್ರ ಬೇಡ. ಎಲೆ ಅರ್ಧ ತುಂಡಾಗಿ ಅಂಚು ಕಂದಿ ಬೇಲಿಯಿಡೀ ಸುಟ್ಟಂತೆ ಕಾಣುತ್ತದೆ. ಇಂಗ್ಲೆಂಡಿನವರು ಚೆರ್ರಿ ಲಾರೆಲಿಗೂ ಕೈಕತ್ತರಿ ಹಿಡಿಯುವುದು ಇದಕ್ಕೇ. ಗೆಲ್ಲು ಗೆಲ್ಲಾಗಿ, ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಡುರಾಂಟಾ ಬೇಲಿ ಮೇಲೆ ದಟ್ಟ, ಬುಡದಲ್ಲಿ ಬೋಳು. ನಾಯಿ ನುಸುಳುತ್ತದೆ. (ಪೆರ್ಲ)

ಇದನ್ನು ಕೆಲವರು ‘ದುರಂತ’ ಎಂದೇ ಬರೆಯುತ್ತಾರೆ. ಗಿಡದ್ದೇನೂ ತಪ್ಪಿಲ್ಲ, ತಪ್ಪು ಕತ್ತರಿಯದ್ದು. ಮೇಲೆ ಅಗಲ, ಕೆಳಗೆ ಸಪೂರ ಮಾಡಿದರೆ ಬುಡಕ್ಕೆ ಬಿಸಿಲು ತಾಗದೆ ಎಲೆ ಉದುರುತ್ತದೆ. ಐದಡಿ ಎತ್ತರದ ಬೇಲಿಗೆ ಬುಡದಲ್ಲಿ ಮೂರಡಿ, ನೆತ್ತಿಯಲ್ಲಿ ಎರಡಡಿ ಅಗಲ ಸರಿ. ಎರಡೂ ತುದಿಗೆ ಬಿದಿರು ನೆಟ್ಟು ಹಗ್ಗ ಕಟ್ಟಿ ಸವರಿ. ಕಣ್ಣಂದಾಜು ಮೋಸ ಮಾಡುತ್ತದೆ.

ಈಗಿನದನ್ನು ಸೋಣ ತಿಂಗಳು ಮುಗಿದು ಬಿಸಿಲು ಕಾಣುವಾಗ ನೆಲದಿಂದ ಒಂದಡಿಗೆ ಕಡಿದುಬಿಡಿ. ಜೂನ್-ಜುಲೈಯಲ್ಲಿ ಬೇಡ, ಗಾಯಕ್ಕೆ ನೀರಿಳಿದು ಕೊಳೆಯುತ್ತದೆ. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ: ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ ಬೇರೆ ಬೇರೆ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ ಬೆರೆಸಬೇಕು. ಅಡಿಕೆಗೆ ಬಿಡುವ ಶೇ. 1ರ ದ್ರಾವಣ ಇದಕ್ಕೆ ತೀರಾ ತೆಳು. ಚಿಗುರು ಅರ್ಧ ಅಡಿಯಾದಾಗ ತುದಿ ಚಿವುಟಿ. ಹಳದಿ ಹಣ್ಣು ವಿಷ, ಮಕ್ಕಳಿದ್ದರೆ ಹೂ ಬಿದ್ದೊಡನೆ ಸವರಿ.

ಪ್ರಶ್ನೆ: ಹೊಸ ಪಾಗಾರದ ಬದಿಗೆ ನೆಟ್ಟ ಕೇಪಳದ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಗುಡ್ಡೆಯಲ್ಲಿ ಗೊಬ್ಬರವಿಲ್ಲದೆ ಬೆಳೆಯುವ ಗಿಡಕ್ಕೆ ಇಲ್ಲಿ ಏನಾಯಿತು? (ಮುಳ್ಳೇರಿಯ)

ಸಿಮೆಂಟಾಯಿತು. ಕೇಪಳಕ್ಕೆ ಹುಳಿಮಣ್ಣು ಬೇಕು. ಗಾರೆಯ ಸುಣ್ಣದಂಶ ಇಳಿದಲ್ಲಿ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಬುಡದ ಗಾರೆ ಚೂರು ಹೆಕ್ಕಿ, ಮೇಲ್ಮಣ್ಣು ಬದಲಿಸಿ, ತರಗೆಲೆ ಮುಚ್ಚಿ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಎಲೆಗೆ ಹದಿನೈದು ದಿನಕ್ಕೊಮ್ಮೆ ಎರಡು ಸಲ ಬಿಡಿ, ಗೋಡೆಗೆ ತಾಗಿದರೆ ತುಕ್ಕಿನ ಕಲೆ ಹೋಗದು. ಮುಂದೆ ನೆಡುವಾಗ ಗೋಡೆಯಿಂದ ಎರಡಡಿ ಬಿಡಿ. ಹೂ ಬರುವುದು ಗೆಲ್ಲಿನ ತುದಿಯಲ್ಲಿ. ಪದೇಪದೇ ಸವರಿದರೆ ಬೇಲಿ ಸಿಕ್ಕೀತು, ಹೂ ಸಿಗದು.

ಪ್ರಶ್ನೆ: ಆಡು ತಿನ್ನದ ಬೇಲಿ ಯಾವುದು? (ಹೊಸಂಗಡಿ)

ಹೆಸರೇ ಹೇಳುತ್ತದಲ್ಲ, ಆಡುಮುಟ್ಟದ ಸೊಪ್ಪು. ಮಲಯಾಳದವರು ಆಡಲೋಡಗ ಎನ್ನುವ ಆಡುಸೋಗೆಯೇ ಇದು. ಪೆನ್ಸಿಲಿಗಿಂತ ದಪ್ಪದ ಬಲಿತ ಗೆಲ್ಲನ್ನು ಮುಕ್ಕಾಲಡಿ ಉದ್ದ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ, ಎರಡು ಮೇಲೆ ಇರುವಂತೆ ಒಂದಡಿಗೊಂದು ಊರಿ. ಜೂನ್ ಮೊದಲ ವಾರ ಊರಿದರೆ ನೀರು ಹಾಕುವ ಕೆಲಸವೂ ಇಲ್ಲ. ಸವರಿದ ಸೊಪ್ಪನ್ನು ಅಡಿಕೆ ಬುಡಕ್ಕೆ ಹಾಕಿ.