ಮಧ್ಯಾಹ್ನ ಸುತ್ತಿಕೊಂಡ ಎಲೆ, ಬೆಳಗಿನ ಜಾವದ ಎಲೆ

ಪ್ರಶ್ನೆ: ನಮ್ಮದು ಮಳೆ ಕಡಿಮೆ ಇರುವ ಒಣ ಪ್ರದೇಶ. ಜೋಳಕ್ಕೆ ಮೊದಲಿನಿಂದಲೂ ಹತ್ತು ದಿನಕ್ಕೊಮ್ಮೆ ನೀರು ಹಾಯಿಸುತ್ತೇನೆ. ಈಚೆಗೆ ಎಂಟನೇ ದಿನಕ್ಕೇ ಮಧ್ಯಾಹ್ನ ಎಲೆ ಸುತ್ತಿಕೊಳ್ಳುತ್ತಿದೆ. ಸೆಕೆ ಹೆಚ್ಚಾದ ಹಾಗೆ ಬೆಳೆಗೆ ನೀರೂ ಜಾಸ್ತಿ ಬೇಕಾ? ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಗಿಡ ಕಡಿಮೆ ನೀರು ಬಳಸುತ್ತದೆ ಎಂದೂ ಓದಿದ್ದೆ. ಯಾವುದನ್ನು ನಂಬಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಗಿನ ಜಾವ ಹೋಗಿ ಅದೇ ಎಲೆಗಳನ್ನು ನೋಡಿ. ಅವು ಅರಳಿ ನೆಟ್ಟಗಿದ್ದರೆ ಮಣ್ಣಿನಲ್ಲಿ ಇನ್ನೂ ತೇವ ಇದೆ. ಆಗಲೂ ಸುತ್ತಿಕೊಂಡೇ ಇದ್ದರೆ ಬೇರಿಗೆ ನಿಜವಾಗಿಯೂ ನೀರು ಸಿಗುತ್ತಿಲ್ಲ, ತಡ ಮಾಡಬೇಡಿ. ಮಧ್ಯಾಹ್ನದ ಎಲೆ ನೋಡಿ ನೀರು ಬಿಡುವ ತಪ್ಪನ್ನು ನಾನೇ ಒಂದು ವರ್ಷ ಮಾಡಿದ್ದೆ. ಹೆದರಿ ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ನೀರು ಕೊಟ್ಟೆ. ಕೊಯ್ಲಿನ ನಂತರ ಕಿತ್ತು ನೋಡಿದರೆ ಬೇರೆಲ್ಲ ಮೇಲ್ಮಣ್ಣಿನಲ್ಲೇ ಹರಡಿಕೊಂಡಿತ್ತು. ಕೆಳಗಿನ ತೇವ ಹಾಗೇ ಉಳಿದಿತ್ತು.

ಮಧ್ಯಾಹ್ನ ಆಗುವುದೇನು? ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಎಲೆಯಿಂದ ಆವಿಯಾಗಿ ಹೋಗುತ್ತದೆ. ಅದನ್ನು ಎಳೆದುಕೊಳ್ಳುವುದು ಸುತ್ತಲಿನ ಗಾಳಿ. ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇ 6ರಿಂದ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಉದಾಹರಣೆಗೆ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 40 ಇರುವ ದಿನ ತಗೊಳ್ಳಿ. ಗಾಳಿಯಲ್ಲಿರುವ ಆವಿ ಅಷ್ಟೇ ಇದ್ದು ಬಿಸಿ ಮಾತ್ರ 32ಕ್ಕೆ ಏರಿತು ಅನ್ನಿ. ಗಾಳಿಯ ಬಾಯಾರಿಕೆ ಐದನೇ ಒಂದು ಭಾಗದಷ್ಟು ಏರುತ್ತದೆ! ಬೇರು ಎಳೆಯುವ ವೇಗ ಅದಕ್ಕೆ ಸಾಲುವುದಿಲ್ಲ. ಆಗ ಗಿಡ ಎಲೆ ಸುತ್ತಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ.

ಹಾಗಂತ ಬೆಳೆಯ ನೀರು ಐದನೇ ಒಂದು ಭಾಗ ಹೆಚ್ಚಬೇಕಿಲ್ಲ. ಬಿಸಿಲಿನ ಪ್ರಖರತೆ ಮತ್ತು ಗಾಳಿಯ ವೇಗವೂ ಈ ಲೆಕ್ಕದಲ್ಲಿ ಸೇರುತ್ತವೆ, ಅವು ಬದಲಾಗದೆ ಇರಬಹುದು. ದಿನಕ್ಕೆ ಹೊಲದ ಮೇಲೆ 6 ಮಿಲಿಮೀಟರ್ ಆಳ ನಿಲ್ಲುವಷ್ಟು ನೀರು ಬೇಡುತ್ತಿದ್ದ ಬೆಳೆ ಈಗ 6.4 ಬೇಡುತ್ತದೆ ಎಂದುಕೊಳ್ಳಿ. ಕೇಳಲು ಏನೂ ಅಲ್ಲ ಅನ್ಸುತ್ತೆ, ಅಲ್ವಾ? ಒಂದು ಎಕರೆಗೆ ಒಂದು ಮಿಲಿಮೀಟರ್ ಅಂದರೆ ಸುಮಾರು 4,000 ಲೀಟರ್. ಅಲ್ಲಿಗೆ ದಿನಕ್ಕೆ 1,600 ಲೀಟರ್ ಹೆಚ್ಚಾಯಿತು. ತಿಂಗಳಿಗೆ 12 ಮಿಲಿಮೀಟರ್, ಅಂದರೆ ಬೆಳೆಯ ಎರಡು ದಿನದ ನೀರು. ಬಾವಿಯಲ್ಲಿ ನೀರು ಅಳೆದಷ್ಟೇ ಇರುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಇಂಗಾಲದ ಡೈಆಕ್ಸೈಡ್. ಕೈಗಾರಿಕೆ ಹಬ್ಬುವ ಮೊದಲು ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ಅದು ಹೆಚ್ಚಿದಾಗ ಎಲೆಯ ಸಣ್ಣ ರಂಧ್ರಗಳು ಸ್ವಲ್ಪ ಮುಚ್ಚಿಕೊಳ್ಳುತ್ತವೆ, ನೀರು ಉಳಿಯುತ್ತದೆ. ಅದು ಸುಳ್ಳಲ್ಲ. ಆದರೆ ಆವಿ ಕಡಿಮೆಯಾದರೆ ಎಲೆ ತಂಪಾಗುವುದೂ ಕಡಿಮೆ. ಬಿಸಿಯಾದ ಎಲೆಯಿಂದ ಆವಿ ಮತ್ತೆ ಬೇಗ ಎಳೆಯಲ್ಪಡುತ್ತದೆ. ಹಾಗಾಗಿ ಆ ಲಾಭ ನಂಬಿಕೊಂಡು ನೀರು ಕಡಿಮೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ಸೆಕೆಯಲ್ಲಿ ಬೆಳೆ ಬೇಗ ಮಾಗುವುದನ್ನೂ ನೀವು ಗಮನಿಸಿರಬಹುದು. ಹೊಲದಲ್ಲಿರುವ ದಿನ ಕಡಿಮೆಯಾದರೆ ಇಡೀ ಹಂಗಾಮಿನ ನೀರು ಕೆಲವೊಮ್ಮೆ ಇಳಿಯಲೂಬಹುದು. ಅದಕ್ಕೆ ಸಂತೋಷಪಡುವ ಹಾಗಿಲ್ಲ. ಕಾಳು ತುಂಬಲು ಸಿಗುವ ದಿನಗಳೂ ಅಷ್ಟೇ ಕಡಿಮೆಯಾಗಿರುತ್ತವೆ.

ನೀರು ಇರುವುದೇ ಅಷ್ಟು ಅಂದಮೇಲೆ ಪೋಲಾಗುವುದನ್ನು ಹಿಡಿಯಬೇಕು. ಪೈರು ಚಿಕ್ಕದಿದ್ದಾಗ, ಎಲೆ ಇನ್ನೂ ನೆಲ ಮುಚ್ಚದಾಗ, ಹೆಚ್ಚಿನ ನೀರು ಗಿಡದಿಂದಲ್ಲ, ಬರಿ ಮಣ್ಣಿನಿಂದ ಹೋಗುತ್ತದೆ. ಸಾಲಿನ ನಡುವೆ ಹಿಂದಿನ ಬೆಳೆಯ ಒಣ ದಂಟು, ರವದಿ ಹೊದಿಸಿ. ಕಳೆ ಬೆಳೆಯಲು ಬಿಡಬೇಡಿ, ಅದೂ ಅದೇ ನೀರು ಕುಡಿಯುತ್ತದೆ. ಮಣ್ಣು ಬಿರಿಯುವಂಥದ್ದಾದರೆ ಬಿರುಕು ಮುಚ್ಚುವ ಹಾಗೆ ಮೇಲ್ಮಣ್ಣಿನಲ್ಲಷ್ಟೇ ಎಡೆಕುಂಟೆ (ಸಾಲಿನ ನಡುವೆ ಎಳೆಯುವ ಕುಂಟೆ) ಹೊಡೆಯಿರಿ. ಒಂದೇ ಸಲ ಹಾಯಿಸುವಷ್ಟು ನೀರು ಉಳಿದಿದ್ದರೆ ಅದನ್ನು ತೆನೆ ಹೊರಡುವ ಹೊತ್ತಿಗೆ ಇಟ್ಟುಕೊಳ್ಳಿ. ಆ ದಿನಗಳಲ್ಲಿ ಸೊರಗಿದ ಜೋಳ ಆಮೇಲೆ ಎಷ್ಟು ನೀರು ಕೊಟ್ಟರೂ ಕಾಳು ಪೂರ್ತಿ ಕಟ್ಟುವುದಿಲ್ಲ.

ಹತ್ತು ದಿನದ ಲೆಕ್ಕವನ್ನು ಮಾತ್ರ ಬಿಡಿ. ಹೊಲದ ಬಯಲಿನಲ್ಲಿ ಅಗಲ ಬಾಯಿಯ, ನೇರ ಅಂಚಿನ ಪಾತ್ರೆಯಲ್ಲಿ ನೀರಿಟ್ಟು, ಮೇಲೆ ಬಲೆ ಕಟ್ಟಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಎಷ್ಟು ಇಳಿಯಿತು ಎಂದು ಸ್ಕೇಲಿನಲ್ಲಿ ಅಳೆಯಿರಿ. ಪಾತ್ರೆಯಿಂದ ಹೋಗುವಷ್ಟು ಬೆಳೆಯಿಂದ ಹೋಗುವುದಿಲ್ಲ. ಆದರೆ ಯಾವ ವಾರ ಗಾಳಿ ಎಷ್ಟು ಎಳೆಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಒಂದು ತಿಂಗಳ ಅಳತೆ ಬರೆದು ಕಳಿಸಿ. ಮಣ್ಣು ಕಪ್ಪೋ ಕೆಂಪೋ, ಎಷ್ಟು ಆಳ ಇದೆ ಎಂದೂ ತಿಳಿಸಿ. ಎಷ್ಟು ದಿನಕ್ಕೆ ನೀರು ಬಿಡಬೇಕು ಎಂದು ಸೇರಿ ಲೆಕ್ಕ ಹಾಕೋಣ.