ಸಂಧಿವಾತವಿದ್ದವರಿಗೆ ವಿಕಲಚೇತನರ ಬಸ್ ಪಾಸ್ ಸಿಗುತ್ತದೆಯೇ?

ಮಾನ್ಯರೇ,

ಲೆಕ್ಕಪತ್ರದ ಕೆಲಸಕ್ಕೆಂದು ದಿನವೂ ಮಂಡ್ಯದಿಂದ ಮೈಸೂರಿಗೆ ಹೋಗಿಬರುವ ತಾವು, ಹಲವು ವರ್ಷಗಳ ರುಮಟಾಯ್ಡ್ ಸಂಧಿವಾತದಿಂದ ಮಂಡಿ ಮತ್ತು ಪಾದದ ಕೀಲುಗಳು ಬಿಗಿದುಕೊಂಡಿವೆ ಎಂದೂ, ರಿಯಾಯಿತಿ ಪಾಸಿನ ಮಾತೆತ್ತಿದರೆ ಪರಿಚಿತರೇ “ನಡೆದಾಡಿಕೊಂಡೇ ಇದ್ದೀರಲ್ಲ” ಎನ್ನುತ್ತಾರೆ ಎಂದೂ ಬರೆದಿದ್ದೀರಿ. ಕಾಯಿಲೆಯ ಹೆಸರೇ ಪಟ್ಟಿಯಲ್ಲಿಲ್ಲದ ಮೇಲೆ ಅರ್ಜಿ ಹಾಕಿ ಫಲವೇನು ಎಂಬುದು ತಮ್ಮ ಪ್ರಶ್ನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಸಂಧಿವಾತದ ಹೆಸರಿಲ್ಲ, ನಿಜ. ಆದರೆ ಅದೇ ಪಟ್ಟಿಯಲ್ಲಿರುವ ಚಲನವಲನ ವೈಕಲ್ಯವನ್ನು ಕಾಯ್ದೆ ವಿವರಿಸುವಾಗ, ಮೂಳೆ, ಸ್ನಾಯು ಇಲ್ಲವೇ ನರಗಳ ತೊಂದರೆಯಿಂದಾಗಿ ಓಡಾಡಲು ಅಥವಾ ವಸ್ತುಗಳನ್ನು ಎತ್ತಿಡಲು ಆಗದಿರುವುದನ್ನು ಹೇಳುತ್ತದೆಯೇ ಹೊರತು ಅದು ಯಾವ ಕಾಯಿಲೆಯಿಂದ ಬಂದಿತೆಂದು ಕೇಳುವುದಿಲ್ಲ. ಆದ್ದರಿಂದ ತಮ್ಮ ಅರ್ಹತೆ ನಿಂತಿರುವುದು ವೈದ್ಯರು ಅಳೆದು ಬರೆಯುವ ವೈಕಲ್ಯದ ಶೇಕಡಾವಾರಿನ ಮೇಲೆ. ಅದು ಕನಿಷ್ಠ 40 ಇರಬೇಕು.

ಈ ಅಳತೆಯ ಬಗೆಯನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಕೀಲು ಎಷ್ಟು ಮಡಿಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂಬುದರ ಜೊತೆಗೆ ಕಾಲಿನ ಸ್ಥಿರತೆಯನ್ನೂ ನೋಡುತ್ತಾರೆ: ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ನೋವಿರುವ ಕಾಲಿನ ಮೇಲೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು. ನಮ್ಮವರಲ್ಲಿ ಅನೇಕರು ಹೆಣ್ಣು ನೋಡಲು ಹೊರಟವರಂತೆ ಇಸ್ತ್ರಿ ಅಂಗಿ ತೊಟ್ಟು, ಆ ದಿನಕ್ಕೆಂದೇ ಒಂದು ನೋವಿನ ಮಾತ್ರೆ ಹೆಚ್ಚಿಗೆ ನುಂಗಿ, ವೈದ್ಯರ ಮುಂದೆ ಗಟ್ಟಿಮುಟ್ಟಾಗಿ ನಡೆದು ತೋರಿಸುತ್ತಾರೆ. ಇಲ್ಲದ ನೋವನ್ನು ನಟಿಸುವುದು ಎಷ್ಟು ತಪ್ಪೋ ಇರುವುದನ್ನು ಮುಚ್ಚಿಡುವುದೂ ಅಷ್ಟೇ ತಪ್ಪು. ಬೆಳಿಗ್ಗೆ ಎದ್ದಾಗ ಕೀಲುಗಳು ಸಡಿಲಗೊಳ್ಳಲು ಎಷ್ಟು ಹೊತ್ತು ಬೇಕು, ಬಸ್ಸಿನ ಮೆಟ್ಟಿಲನ್ನು ಯಾವ ಕಾಲಿಟ್ಟು ಹತ್ತುತ್ತೀರಿ ಎಂಬುದನ್ನು ಕೇಳದಿದ್ದರೂ ಹೇಳಿ. ಹಳೆಯ ಎಕ್ಸ್‌ರೇ ಮತ್ತು ಚಿಕಿತ್ಸೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ.

ಈ ಶೇಕಡಾವಾರನ್ನು ದಾಖಲಿಸುವ ಯು.ಡಿ.ಐ.ಡಿ. ಕಾರ್ಡಿನ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅದು ಕಷ್ಟವೆನಿಸಿದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ, ಅಂದರೆ ಎಲ್ಲರೂ ವಿ.ಆರ್.ಡಬ್ಲ್ಯೂ. ಎನ್ನುವವರ ನೆರವು ಪಡೆಯಬಹುದು. ಸಂಧಿವಾತದ ತೀವ್ರತೆ ಏರಿಳಿಯುವುದರಿಂದ ನಿಗದಿತ ಅವಧಿಯ ಪ್ರಮಾಣಪತ್ರ ಬಂದೀತು. ಅದನ್ನು ತಿರಸ್ಕಾರವೆಂದು ಭಾವಿಸಬೇಕಿಲ್ಲ. ಅಳತೆ ಸರಿಯಿಲ್ಲವೆನಿಸಿದರೆ ಕಾಯ್ದೆಯ 59ನೆಯ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.

ಇನ್ನು ಕೆ.ಎಸ್.ಆರ್.ಟಿ.ಸಿ. ಪಾಸಿನ ವಿಚಾರ. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಓಡಾಡಬಹುದು. ಮಂಡ್ಯ–ಮೈಸೂರು ನಡುವಿನ ಸುಮಾರು 45 ಕಿ.ಮೀ. ಅದರಲ್ಲಿ ಸಲೀಸಾಗಿ ಅಡಗುತ್ತದೆ. ಮೈಸೂರಿನಲ್ಲಿ ವಾಸವಿರುವವರು ಇದೇ ಪಾಸಿನಲ್ಲಿ ಬೆಂಗಳೂರು ತಲುಪಲಾರರು.

ರೈಲಿನ ಲೆಕ್ಕವೇ ಬೇರೆ. ಅಲ್ಲಿ ಶೇಕಡಾ 40 ಇದ್ದರಷ್ಟೇ ಸಾಲದು. ಜೊತೆಗಾರರಿಲ್ಲದೆ ಪ್ರಯಾಣಿಸಲಾರರೆಂದು ಸರ್ಕಾರಿ ವೈದ್ಯರು ರೈಲ್ವೆಯ ನಮೂನೆಯಲ್ಲಿ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟವರಿಗೆ ದ್ವಿತೀಯ ದರ್ಜೆ ಮತ್ತು ಸ್ಲೀಪರಿನಲ್ಲಿ ಶೇ. 75, ತಿಂಗಳ ಪಾಸಿನಲ್ಲಿ ಶೇ. 50 ರಿಯಾಯಿತಿಯಿದ್ದು, ಜೊತೆಗಾರರೊಬ್ಬರಿಗೂ ಅದು ಅನ್ವಯಿಸುತ್ತದೆ. ಒಬ್ಬರೇ ಓಡಾಡುತ್ತಿರುವ ತಮಗೆ ಅದು ಸಿಗುವುದು ಕಷ್ಟ; ಬಸ್ ಪಾಸಿನ ಕಡೆಗೇ ಗಮನ ಕೊಡುವುದು ಲೇಸೆಂದು ನನ್ನ ಅಭಿಪ್ರಾಯ.

ಬಸ್ ಪಾಸಿನ ಅವಧಿ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ, ವೈದ್ಯಕೀಯ ತಪಾಸಣೆಯನ್ನು ಈಗಲೇ ಮುಗಿಸಿಟ್ಟುಕೊಂಡು, ಹೊಸ ವರ್ಷದ ಅರ್ಜಿ ಕರೆದ ಕೂಡಲೇ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಸಲ್ಲಿಸಿದರೆ ಪೂರ್ತಿ ವರ್ಷದ ಉಪಯೋಗ ದೊರೆಯುತ್ತದೆ.

– ಸಂ.